ಮೊದಲು ಏಳಬೇಡ

ಅಮೊಂಗಿನ್, ನಾಳೆಯಿಂದ ಸೊರೋಟಿಯ ಸಂತೆಗೆ
ನೀನೂ ಬೋಡಾ ಬೈಕಿನ ಬೆನ್ನೇರುವವಳು.
ಅದಕ್ಕೇ ಹೇಳುತ್ತೇನೆ, ಕೇಳಿಸಿಕೋ.
ಕಡಲೆಕಾಯಿ ಸುಲಿಯುವ ಕೈ ನಿಲ್ಲಿಸಬೇಕಿಲ್ಲ.

ಬಿದ್ದೆಯಾ, ಮೊದಲು ಏಳಬೇಡ.
ಏಳಬೇಕೆನಿಸುತ್ತದೆ. ನೋವಿಗಿಂತ ಮುಂಚೆ ನಾಚಿಕೆ ಬರುತ್ತದೆ:
ಗೌನು ಎಲ್ಲಿಗೆ ಸರಿಯಿತೋ, ಯಾರು ನೋಡಿದರೋ.
ನಾನು ಹಾಗೇ ಎದ್ದೆ,
ಎರಡು ಹೆಜ್ಜೆ ನಡೆದೆ ಕೂಡ.
ಮೂರನೆಯದಕ್ಕೆ ಕಾಲು
ನಾನು ನಿನ್ನದಲ್ಲ ಎಂದಿತು.

ಮಲಗಿರು. ಕೆಂಪು ಧೂಳು ಬಾಯಿಗೆ ಬಂದರೆ ಉಗಿ.
ಬೆರಳುಗಳನ್ನು ಒಂದೊಂದಾಗಿ ಆಡಿಸು,
ಹೆತ್ತವಳು ಹಸುಗೂಸಿನ ಬೆರಳು ಎಣಿಸುವಂತೆ ಎಣಿಸು.
ಯಾರು ಕರೆದರೂ ಕತ್ತು ತಿರುಗಿಸಬೇಡ.
ಜನ ಸೇರುತ್ತಾರೆ. ಎಲ್ಲರಿಗೂ ನಿನ್ನನ್ನು ಎತ್ತುವ ಆತುರ,
ಒಬ್ಬ ಕೈ, ಒಬ್ಬ ಕಾಲು,
ಮರಗೆಣಸಿನ ಮೂಟೆ ಎತ್ತಿದ ಹಾಗೆ.
ಬೇಡ ಅನ್ನು. ಕೂಗಿ ಅನ್ನು.
ಹಲಗೆ ತನ್ನಿ, ಕಿತ್ತ ಬಾಗಿಲಾದರೂ ಸರಿ ಅನ್ನು.
ನನಗೆ ಸಿಕ್ಕಿದ್ದು ಚಪಾತಿ ಅಂಗಡಿಯ ಮೇಜು.
ಆ ಗೌನಿನಲ್ಲಿ ಇಂದಿಗೂ ಕರಿದೆಣ್ಣೆಯ ವಾಸನೆ.

ನೆತ್ತರು ಬಂದಲ್ಲಿ ಬಟ್ಟೆ ಒತ್ತಿ ಹಿಡಿ,
ತೆಗೆದು ತೆಗೆದು ನೋಡಬೇಡ.
ಒಲೆಯ ಮೇಲಿನ ಮುಚ್ಚಳ ನಿಮಿಷಕ್ಕೊಮ್ಮೆ ಎತ್ತುವವಳು ನೀನು,
ಗೊತ್ತು ನನಗೆ.

ಯಾವಳೋ ಪುಣ್ಯಾತ್ಗಿತ್ತಿ ಸೋಡಾ ತರುತ್ತಾಳೆ,
ಕುಡಿಯಬೇಡ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.
ಫೋನು ಎದೆಯೊಳಗಿರಲಿ.
ನನ್ನ ಕಡಲೆ ಹಿಟ್ಟಿನ ಡಬ್ಬಿ ಹದಿನಾಲ್ಕಿದ್ದವು,
ಆಸ್ಪತ್ರೆಗೆ ಹಿಂದಿನಿಂದ ಒಂಬತ್ತು ಬಂದವು.
ಉಳಿದ ಐದರ ಮಾತು ನಾನು ಎತ್ತಿಲ್ಲ.

ಲಾರಿ ನಿಲ್ಲಲಿಲ್ಲ.
ಅದರ ಬೆನ್ನಿಗೆ ಬರೆದಿತ್ತು: ದೇವರ ವೇಳೆಯೇ ಸರಿಯಾದ ವೇಳೆ.
ಪೊಲೀಸರು ನಂಬರು ಕೇಳಿದರೆ
ನನ್ನ ಬಾಯಿಗೆ ಬಂದದ್ದು ಅದೊಂದೇ.
ನೀನು ನಂಬರು ನೋಡು. ಸ್ತೋತ್ರ ಆಮೇಲೆ.

ಒಕಿರೋರ್ ಅತ್ತ ಬಿದ್ದಿದ್ದ, ಬೈಕು ಇತ್ತ.
ಉಸಿರಾಡಲಿ ಪಾಪ ಎಂದು ತೆವಳಿ ಹೋಗಿ
ಅವನ ಹೆಲ್ಮೆಟ್ಟಿಗೆ ಕೈ ಹಾಕಿದೆ.
ಮುಟ್ಟಬೇಡ! ಎಂದಳು ವ್ಯಾನಿನಿಂದಿಳಿದ ಒಬ್ಬಾಕೆ.
ಇಗರ್ಜಿಗೆ ಹೊರಟ ಉಡುಪು, ಬಿಳಿ ಚಪ್ಪಲಿ.
ಧೂಳಿನಲ್ಲೇ ಮಂಡಿಯೂರಿ
ಅವನ ತಲೆಯನ್ನು ಎರಡು ಅಂಗೈ ನಡುವೆ ಹಿಡಿದಳು,
ತುಂಬಿದ ಕೊಡ ಹಿಡಿದಂತೆ, ಅಲುಗದೆ,
ಗಾಡಿ ಬರುವವರೆಗೆ. ಗಾಡಿ ಬರಲು ನಲವತ್ತು ನಿಮಿಷ.
ಅವಳ ಹೆಸರು ನಾನು ಕೇಳಲಿಲ್ಲ.
ನೀನು ಕೇಳು, ಅಮೊಂಗಿನ್. ಏನು ಮರೆತರೂ ಅದನ್ನು ಕೇಳು.

ಗಾಡಿಗೆ ಪೆಟ್ರೋಲಿನ ದುಡ್ಡು ಕೇಳುತ್ತಾರೆ,
ಜನ ಚಂದಾ ಎತ್ತಿದರೆ ಸಂಕೋಚಪಡಬೇಡ.
ಎಕ್ಸ್‌ರೇ ಆಗುವ ತನಕ
ಯಾರ ಕೈಗೂ ಕಾಲು ಕೊಡಬೇಡ,
ಅತ್ತೆ ಕರೆತಂದ ಮೂಳೆ ನೀವುವವನಿಗೂ.
ಚೀಟಿ, ರಸೀದಿ ಎಲ್ಲ ಚೀಲದಲ್ಲಿಟ್ಟು ಚೀಲದ ಮೇಲೆ ಮಲಗು.

ಮುರಿದ ದೀಪ ನೋಡಿ ಮುಂದಿನ ಪೇಟೆಯಲ್ಲಿ ಲಾರಿ ಹಿಡಿದರಂತೆ.
ನಾಲ್ಕನೇ ದಿನ ಮಾಲೀಕನ ಕಡೆಯವನು ಬಂದ,
ಒಂದು ಬಾಳೆಗೊನೆ, ಒಂದು ಕಾಗದ.
ಗೊನೆ ಇಟ್ಟುಕೊಂಡೆ.
ಓದು ಬರುತ್ತದಪ್ಪಾ ನನಗೆ, ಎಂದೆ,
ಆದರೆ ಈ ಮಾತ್ರೆ ನುಂಗಿದರೆ ಅಕ್ಷರ ಇರುವೆಯಾಗುತ್ತದೆ,
ನಾನು ಎದ್ದು ನಿಂತ ಮೇಲೆ ಬಾ.

ಇಷ್ಟು ಹೇಳಬಲ್ಲೆ. ಆಮೇಲಿನದು ತಿಳಿಯದು.
ಹಾರ್ನ್ ಕೇಳಿದರೆ ಇಂದಿಗೂ
ಮೊರ ಕೈಜಾರುತ್ತದೆ, ಅದಕ್ಕೇನು ಮಾಡಬೇಕೋ
ಯಾವ ಸಿಸ್ಟರೂ ಹೇಳಲಿಲ್ಲ.

ಒಕಿರೋರ್ ಈಗ ಬೈಕು ಓಡಿಸುವುದಿಲ್ಲ,
ಮಾವಿನ ಮರದಡಿ ಪಂಕ್ಚರ್ ಹಾಕುತ್ತಾನೆ.
ಶನಿವಾರ ಹೋಗಿ ಅವನ ಪಕ್ಕ ಕೂರುತ್ತೇನೆ.
ಆ ದಿನದ ಮಾತು ಆಡುವುದಿಲ್ಲ ನಾವು.
ಲಾರಿ ಹಾದರೆ ಇಬ್ಬರೂ
ನಂಬರು ಗಟ್ಟಿಯಾಗಿ ಓದುತ್ತೇವೆ.

ಸಿಪ್ಪೆ ಹಾರುತ್ತಿದೆ, ಮೊರ ಇತ್ತ ಸರಿಸು.