ಎಕ್ ಮರದ ನೇರಳೆ

ಕಂಪೆಚೆಯ ಆಸ್ಪತ್ರೆಯ ನೆಲಮಾಳಿಗೆ.
ಏಸಿ ಕೆಟ್ಟು ಮೂರು ದಿನ. ಮೇಣ ಬೆವರುತ್ತಿದೆ.
ನಾನು ವಿಲ್ಬರ್ತ್ ಪೋಟ್, ಕೊಯ್ಯುವವನು:
ಕೂದಲೆಳೆಯೊಂದನ್ನು ಇಪ್ಪತ್ತಾಗಿ ಸೀಳಿದರೆ
ಒಂದು ಸೀಳು ಎಷ್ಟೋ ಅಷ್ಟೇ ತೆಳುವಾಗಿ
ಮೇಣದಲ್ಲಿ ಹೂತ ಮಾಂಸವನ್ನು ಕೊಯ್ದು
ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು
ಗಾಜಿಗೆ ಹತ್ತಿಸುವವನು.

ಆಮೇಲೆ ಬಣ್ಣ. ನೇರಳೆ ಬರುವುದು ಮರದಿಂದ,
ಈ ಕರಾವಳಿಯದೇ ಮರ. ಅಜ್ಜ ಎಕ್ ಅನ್ನುತ್ತಿದ್ದ,
ಕಪ್ಪು ಅಂತ. ಮೊಣಕಾಲುದ್ದ ಕೆಸರಲ್ಲಿ ನಿಂತು ಕಡಿದು
ತೊಗಟೆ ಕೆತ್ತಿ, ಕೆಂಪು ತಿರುಳನ್ನು
ಹಡಗಿಗೆ ಹೇರುತ್ತಿದ್ದ, ಯಾರದೋ ದೇಶದಲ್ಲಿ
ಯಾರದೋ ಕೋಟು ಕಪ್ಪಾಗಲೆಂದು.
ಈಗ ಅದೇ ತಿರುಳು ಪುಡಿಯಾಗಿ, ಸೀಸೆಯಾಗಿ,
ಪರದೇಶದ ಚೀಟಿ ಅಂಟಿಸಿಕೊಂಡು
ನಮಗೇ ವಾಪಸು, ನಾಲ್ಕು ಪಟ್ಟು ಬೆಲೆಗೆ.
ಕೋಶದ ನಡುವಣ ಬೀಜ ಅದನ್ನು ಕುಡಿಯುತ್ತದೆ.
ಉಳಿದದ್ದೆಲ್ಲ ಗುಲಾಬಿ.

ಡಾಕ್ಟರ್ ಎವ್ಲಾಲಿಯಾ ಕನೂಲ್ ಹೇಳುತ್ತಾರೆ:
ಹೆಸರಿಡುವುದು ಹುಟ್ಟಿದ ಮನೆ ನೋಡಿ, ಮಗಾ.
ಚರ್ಮ, ಕರುಳಿನ ಒಳಮೈ, ಹಾಲಿನ ನಾಳ,
ಹೊದಿಕೆಯಲ್ಲಿ ಹುಟ್ಟಿದ್ದು ಕಾರ್ಸಿನೋಮ.
ಎಲುಬಲ್ಲಿ, ಸ್ನಾಯುವಲ್ಲಿ ಹುಟ್ಟಿದ್ದು ಸಾರ್ಕೋಮ.
ದುಗ್ಧಗ್ರಂಥಿಯದು ಲಿಂಫೋಮ.
ಮಜ್ಜೆಯಲ್ಲಿ ಹುಟ್ಟಿ ನೆತ್ತರಲ್ಲಿ ತಿರುಗುವುದಕ್ಕೆ
ಗಡ್ಡೆಯೇ ಇಲ್ಲ, ಲ್ಯುಕೇಮಿಯ.
ಬಾಲ ನೋಡಿ ಹೆದರಬೇಡ. ನಿನ್ನ ಬೆನ್ನ ಮೇಲಿನ ಲಿಪೋಮ
ಹತ್ತು ವರ್ಷದಿಂದ ಕೂತಿದೆಯಲ್ಲ, ಪಾಪದ್ದು,
ಪಕ್ಕದವರ ಗೋಡೆ ಮುಟ್ಟಿದ್ದುಂಟೇ?

ಬೆಳೆಯುವುದು?
ಒಂದು ಎರಡಾಗಿ, ಎರಡು ನಾಲ್ಕಾಗಿ,
ಸಾಯುವವು ಸಾಯುತ್ತ, ನಿದ್ದೆ ಹೋಗುವವು ಹೋಗುತ್ತ
ಮೂವತ್ತು ಇಮ್ಮಡಿಗೆ ಒಂದು ಕಡಲೆಕಾಳು.
ಬೆರಳಿಗೆ ಸಿಗುವ ಹೊತ್ತಿಗೆ
ಕತೆಯ ಮುಕ್ಕಾಲು ಪಾಲು ಮುಗಿದಿರುತ್ತದೆ.
ನಡುವೆ ಎಲ್ಲೋ ಹಸಿವಾಗಿ
ಕಂಬದಿಂದ ಕರೆಂಟು ಕದಿಯುವ ತಂತಿಯ ಹಾಗೆ
ರಕ್ತದ ಸಣ್ಣ ಎಳೆಯೊಂದನ್ನು ಕಡೆಗೆಳೆದುಕೊಂಡಿರುತ್ತದೆ.

ಇವತ್ತಿನ ಚೀಟಿ: ಫೆಲಿಸಿಯಾನಾ ಊಕ್ ಚಬ್ಲೆ.
ಅರವತ್ತೊಂದು. ಎಡ ಸ್ತನ. ತೆನಾಬೊ.

ತೆನಾಬೊದ ಶಾಲೆಯಲ್ಲಿ ನನ್ನ ಕೈ ಹಿಡಿದು
ಅಕ್ಷರ ತಿದ್ದಿಸಿದ್ದು ಅವರೇ.
ನನ್ನ ಸೊನ್ನೆ ಬಾಯಿಬಿಟ್ಟುಕೊಂಡಿರುತ್ತಿತ್ತು.
ಮುಚ್ಚು, ಅನ್ನುತ್ತಿದ್ದರು ಮಾಯಾ ಮಾತಿನಲ್ಲಿ, ನೊಣ ಹೊಕ್ಕೀತು.
ಮೊದಲ ಸೀಳು ಹರಿಯಿತು.
ಎರಡನೆಯದೂ.

ಒಂದೇ ಸೂಕ್ಷ್ಮದರ್ಶಕ, ಎರಡು ಜೊತೆ ಕಣ್ಣು.
ನೋಡು, ನಾಳ ಕಟ್ಟುವುದು ಇನ್ನೂ ನೆನಪಿದೆ ಇವಕ್ಕೆ,
ಅರ್ಧಂಬರ್ಧ. ಒಡೆಯುತ್ತಿರುವವನ್ನು ಎಣಿಸು.
ಒಂಬತ್ತು ಎಣಿಸಿದೆ. ಗ್ರೇಡ್ ಎರಡು.
ಬೇಲಿ? ದಾಟಿವೆ.
ಎಷ್ಟು ಮರೆತಿವೆ ಅನ್ನುವುದು ಗ್ರೇಡು,
ಎಷ್ಟು ದೂರ ಹೋಗಿವೆ ಅನ್ನುವುದು ಹಂತ.
ಎರಡನ್ನೂ ಕಲಸಬೇಡ.

ಕಂಕುಳಿಂದ ತೆಗೆದ ಗ್ರಂಥಿ ಹದಿನಾಲ್ಕು.
ಹದಿಮೂರರಲ್ಲಿ ಬರಿಯ ಕಾವಲುಗಾರರು,
ಸಾಸಿವೆ ಚೆಲ್ಲಿದಂತೆ, ನೇರಳೆ, ಶಾಂತ.
ಹನ್ನೊಂದನೆಯದರ ಮೂಲೆಯಲ್ಲಿ ಮಾತ್ರ
ಹಾಲೇ ಇಲ್ಲದ ಕಡೆ
ಹಾಲಿನ ನಾಳ ಕಟ್ಟುತ್ತ ಕೂತಿದ್ದವು ಕೆಲವು,
ಬಂದ ಊರಿನ ಅಳತೆಯಲ್ಲೇ ಗೋಡೆ ಎತ್ತಿ.

ಇದು ಗ್ರಂಥಿಯ ಕ್ಯಾನ್ಸರ್ ಅಲ್ಲವಲ್ಲ? ನನಗೆ ಗೊತ್ತಿತ್ತು, ಆದರೂ ಕೇಳಿದೆ.
ಅಲ್ಲ. ಎಲ್ಲಿಗೆ ಹೋದರೂ ಇದು ಸ್ತನದ್ದೇ.
ಡಾಕ್ಟರ್ ಕನ್ನಡಕ ತೆಗೆದು ಟೈಪಿಸಿದರು:
ಟಿ ಎರಡು. ಎನ್ ಒಂದು.
ಎಂ ಅನ್ನುವ ಅಕ್ಷರದ ಮುಂದಿನದ್ದು
ನಮ್ಮ ಗಾಜಿನಲ್ಲಿಲ್ಲ.
ಮೇಲಿನ ಮಹಡಿಯ ಸ್ಕ್ಯಾನಿನಲ್ಲಿದೆ, ಗುರುವಾರ.

ಚೀಟಿ ಬರೆಯುತ್ತೇನೆ. ಬೆರಳ ಸಂದಿಯಲ್ಲಿ
ಸೋಪಿಗೂ ಬಗ್ಗದ ಅಜ್ಜನ ಬಣ್ಣ.
ಎಂ, ಅದರ ಪಕ್ಕಕ್ಕೆ, ಪೆನ್ಸಿಲಿನಲ್ಲಿ, ಯಾರೂ ಹೇಳದೆಯೇ
ಒಂದು ಸೊನ್ನೆ ಸುತ್ತಿ, ಬಾಯಿ ಮುಚ್ಚಿ,
ಅಳಿಸುತ್ತೇನೆ.