ಒಗರಿನ ದರ

ಮೂವತ್ತೊಂದು ವರ್ಷ ಶಿವಮೊಗ್ಗದ ಮಂಡಿಯಲ್ಲಿ
ಅಡಿಕೆ ಆರಿಸಿದ ಕೈ ಇದು.
ಕಣ್ಣು ಮುಚ್ಚಿ ಗೋಣಿಗೆ ಇಳಿಸಿದರೆ
ಸರಕು, ಬೆಟ್ಟೆ, ರಾಶಿ, ಗೊರಬಲು
ಬೆರಳೇ ಹೇಳುತ್ತಿತ್ತು.
ಅನುಮಾನ ಬಂದರೆ ಒಂದು ಹೋಳು ಬಾಯಿಗೆ.
ಅನುಮಾನ ಬರದಿದ್ದರೂ ಒಂದು ಹೋಳು ಬಾಯಿಗೆ.

ದೀಪಾವಳಿಯ ಹಿಂದಿನ ವಾರ
ಡಾಕ್ಟರಮ್ಮ ವಿಲ್ಮಾ, 'ಆ ಅನ್ನಿ' ಅಂದರು.
ಅಂದೆ.
ಎರಡು ಬೆರಳು ಹೋಗಬೇಕಾದಲ್ಲಿ
ಒಂದೂವರೆ ಹೋಯಿತು.
ಅವರು ಬೈಯಲಿಲ್ಲ. ಹೆದರಿಕೆ ಆದದ್ದು ಅದಕ್ಕೇ.
'ಇನ್ನು ಅಡಿಕೆ ಮುಟ್ಟಬೇಡಿ.'
ಮುಟ್ಟದೆ ಹೇಗಮ್ಮ, ಹೊಟ್ಟೆಪಾಡು.
'ಕೈಯಲ್ಲಿ ಮುಟ್ಟಿ ಗುತ್ಯಪ್ಪನವರೇ, ನಾಲಗೆಯಲ್ಲಿ ಬೇಡ.
ಬಾಯಿ ಬೇಡಿದಾಗ ಗ್ರೀನ್ ಟೀ ಕುಡಿಯಿರಿ,
ಸುಡುವಷ್ಟಲ್ಲ, ಬೆಚ್ಚಗೆ.'

ದುರ್ಗಿಗುಡಿಯಲ್ಲಿ ಡಬ್ಬಕ್ಕೆ ನೂರಾ ಅರವತ್ತು ರೂಪಾಯಿ.
ಮೈತುಂಬ ಭರವಸೆ:
ಬೊಜ್ಜು ಕರಗುತ್ತದೆ, ಗುಂಡಿಗೆ ಗಟ್ಟಿ, ಮುಖಕ್ಕೆ ಕಾಂತಿ.
ಚುನಾವಣೆಗೆ ನಿಂತಂತಿತ್ತು ಸೊಪ್ಪು.
ಕಾಂತಿ ಬರುವುದಾದರೆ ನನಗೂ ಒಂದು ಲೋಟ, ಎಂದಳು ಹೂವಮ್ಮ.
ಅಂಗೈಗೆ ಸುರಿದು ನೋಡಿದೆ:
ಪುಡಿ, ಕಡ್ಡಿ, ಮುದುರಿದ ಎಲೆ.
ಗೊರಬಲು.
ನಾನಾಗಿದ್ದರೆ ಈ ದರ ಬರೆಯುತ್ತಿರಲಿಲ್ಲ.

ಮೊದಲ ದಿನ ಅವಳು ಕಷಾಯದ ಹಾಗೆ
ಕೊತಕೊತ ಕುದಿಸಿದಳು, ನಾಲ್ಕು ಲೋಟ ಎರಡಾಗುವ ತನಕ.
ಅಯ್ಯೋ, ಚೊಗರು!
ಅಡಿಕೆ ಬೇಯಿಸಿದ ಹಂಡೆಯ ತಳದ ಕೆಂಪು ನೀರೇ ಸರಿ.
ನಾಲಗೆ ಗೋಣಿತಾಟಾಯಿತು.
ಎರಡನೆಯ ದಿನ ಹಾಲು, ಬೆಲ್ಲ.
ಅದರ ಮಾತು ಬೇಡ.

ಮಂಡಿಯೆದುರು ಟೀ ಗಾಡಿಯ ಇಲಿಯಾಸ್ ನಕ್ಕ:
'ಕುದಿಸಬಾರದು ಅಜ್ಜ.
ನೀರು ಕುದಿದು, ಸಿಟ್ಟಿಳಿದ ಮೇಲೆ ಎಲೆ.
ಮೂರು ನಿಮಿಷ. ಸೋಸಿಬಿಡಿ. ಆಸೆ ಮಾಡಬೇಡಿ.'

ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾದವನಿಗೆ
ಮೂರು ನಿಮಿಷ ಏನು ಮಹಾ.
ಮುದುರಿದ್ದ ಎಲೆ
ನಿದ್ದೆಯಿಂದೆದ್ದ ಮಗುವಿನಂತೆ ಕೈಕಾಲು ಚಾಚಿತು.
ಹಸಿರೂ ಅಲ್ಲ, ಹಳದಿಯೂ ಅಲ್ಲ,
ಬೇಸಗೆಯಲ್ಲಿ ಕಲ್ಲಿನ ಸಂದಿಗೆ ನಿಂತ ತುಂಗೆಯ ಬಣ್ಣ.
ಮೂಗಿಗೆ, ಆಗತಾನೆ ಕೊಯ್ದ ಹುಲ್ಲು.
ನಾಲಗೆಗೆ ಮೊದಲು ಏನೂ ಇಲ್ಲ.
ಆಮೇಲೆ ಸಣ್ಣ ಕಹಿ.
ಆಮೇಲೆ ದವಡೆಯ ಹಿಂದೆ, ಅದೇ ಜಾಗದಲ್ಲಿ,
ಪರಿಚಯದವರು ಬಾಗಿಲು ತಟ್ಟಿದ ಹಾಗೆ
ಒಗರು.

ಕೂತುಬಿಟ್ಟೆ.
ನೆಲ್ಲಿಕಾಯಿ ತಿಂದು ನೀರು ಕುಡಿದಾಗಿನ ಸಿಹಿ
ಸ್ವಲ್ಪ ತಡೆದು ಬಂತು, ಕರೆಯದೆಯೇ.

ಆರು ತಿಂಗಳಾಯಿತು.
ಬೊಜ್ಜು ಇದ್ದಲ್ಲೇ ಇದೆ.
ಕಾಂತಿಯ ವಿಷಯ ಹೂವಮ್ಮನನ್ನು ಕೇಳಬೇಕು.
'ಬಾಯಿ ಸಡಿಲಾದದ್ದು ಟೀಯಿಂದಲ್ಲ,
ನೀವು ಬಿಟ್ಟದ್ದರಿಂದ' ಎನ್ನುತ್ತಾರೆ ಡಾಕ್ಟರಮ್ಮ.
ಎರಡು ಬೆರಳಿಗೆ ಕೂದಲೆಳೆಯಷ್ಟು ಬಾಕಿ.

ಈಗಲೂ ಗೋಣಿಗೆ ಕೈ ಹೋದಾಗ
ಒಂದು ಹೋಳು ಬೆರಳ ತುದಿಗೆ ಬಂದು ನಿಲ್ಲುತ್ತದೆ,
ಬಾಯಿಯ ದಾರಿ ಅದಕ್ಕೆ ಮರೆತಿಲ್ಲ.
ದರ ಹೇಳಿ ಕೆಳಗೆ ಹಾಕುತ್ತೇನೆ.
ಗಾಡಿಯ ಕಡೆ ತಿರುಗಿ ಇಲಿಯಾಸನಿಗೆ
ಮೂರು ಬೆರಳು ತೋರಿಸುತ್ತೇನೆ.