ಕೀಲು

ಲಾ ಬ್ರೇಯಲ್ಲಿ ಹೊಸಿಲಿಗೆ ಯಾರೂ ಸಿಮೆಂಟು ಮೆತ್ತುವುದಿಲ್ಲ.
ಮೆತ್ತಿದರೆ ಬರುವ ವರ್ಷಕ್ಕೆ ಅದು ಪಕ್ಕದ ಮನೆಯದು.
ನೆಲದಡಿ ಡಾಂಬರು ಹೊರಳುತ್ತದೆ,
ಕೆರೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ.

ಕತ್ಬರ್ಟನ ಕಸುಬೇ ಅದು:
ವಾಲಿದ ಮನೆಗೆ ಜಾಕು ಕೊಟ್ಟು ಎತ್ತುವುದು,
ಬಾಗಿಲು ಕಳಚಿ ಮತ್ತೆ ಕೂಡಿಸುವುದು,
ರಸಮಟ್ಟದ ಗುಳ್ಳೆ ನಡುಗೆರೆಗೆ ಬರುವ ತನಕ
ಉಸಿರು ಹಿಡಿಯುವುದು.

ಹೆಂಡತಿ ವರ್ಲಿನ್ ಲ್ಯಾಬಿಗೆ ಹೊರಡುತ್ತಾಳೆ,
ಊಟದ ಡಬ್ಬಿಯ ಪಕ್ಕ ಬಿಸ್ಕತ್ತಿನ ಡಬ್ಬಿ,
ಅದರಲ್ಲಿ ಹಿತ್ತಲಿನದೇ ಒಂದು ಕರಿಮುದ್ದೆ.

ಕನ್ನಡದಲ್ಲಿ ಕೀಲು ಎಂದರೆ ಎರಡು.
ಬಾಗಿಲು ತಿರುಗುವುದು ಒಂದು,
ಬಂಡಿಯ ಅಚ್ಚಿಗೆ ಸವರುವ ಕರಿಯ ಜಿಗುಟು ಇನ್ನೊಂದು.
ಅವರಿಗೆ ನಮ್ಮ ಈ ಮಾತು ಗೊತ್ತಿಲ್ಲ,
ಆದರೂ ಆಳಿಗೊಂದರಂತೆ ಹಂಚಿಕೊಂಡು ಬದುಕಿದ್ದಾರೆ.

ಕಣ್ಣಿಗೆ ಕಾಣದ ಮೊನೆಯೊಂದು
ಕರಿಯ ಮೈಯನ್ನು ತಡವುತ್ತ ಹೋಗುತ್ತದೆ,
ಕುರುಡರ ಬೆರಳು ಮುಖ ಓದಿದಂತೆ.
ಪರದೆಯಲ್ಲಿ ಪಟ್ಟೆ, ಪಟ್ಟೆ. ಉಬ್ಬು, ತಗ್ಗು, ಉಬ್ಬು.
ಜೇನುಗಳು.
ಕಲಿಸಿದವರು ಹಾಗೆ ಕರೆದರು, ಇವಳೂ ಹಾಗೇ ಕರೆಯುತ್ತಾಳೆ.
ಮೇಣ ಹೆಪ್ಪುಗಟ್ಟುವಾಗ ಬಿದ್ದ ಸುಕ್ಕು ಎನ್ನುತ್ತಾರೆ ಕೆಲವರು,
ಕೆಲವರು ಅಷ್ಟೇ ಅಲ್ಲ ಎನ್ನುತ್ತಾರೆ.
ಇರಲಿ, ಮೇಣವಿದ್ದಲ್ಲಿ ಜೇನಿರದೆ?
ಅರವತ್ತು ಡಿಗ್ರಿಗೆ ಕಾಯಿಸಿದರೆ ಒಂದೂ ಇಲ್ಲ.
ತಣಿಸಿದರೆ ಬರುತ್ತವೆ,
ಕೂತಿದ್ದ ಜಾಗಕ್ಕೇ ಅಲ್ಲ.

ಮಧ್ಯಾಹ್ನ ಇನ್ನೊಂದು ಯಂತ್ರ.
ಎರಡು ತಟ್ಟೆಗಳ ನಡುವೆ ಚಿಟಿಕೆಯಷ್ಟು ಡಾಂಬರು,
ಮೇಲಿನದು ಈಚೆಗಿಷ್ಟು ಆಚೆಗಿಷ್ಟು ತಿರುಚುತ್ತದೆ.
ಕಲ್ಲಾಗಿದ್ದರೆ ಕರೆದೊಡನೆ ಓ ಎನ್ನುತ್ತಿತ್ತು.
ನೀರಾಗಿದ್ದರೆ ಪೂರ್ತಿ ಕಾಲುಸುತ್ತು, ತೊಂಬತ್ತು ಡಿಗ್ರಿ, ತಡ.
ಇದರ ತಡ ಎಪ್ಪತ್ತೊಂದು.
ಬರೆದುಕೊಳ್ಳುತ್ತಾಳೆ.

‘ಗಟ್ಟಿಯೋ ನೀರೋ, ಒಂದು ಹೇಳಿಬಿಡು’
ಎನ್ನುತ್ತಾನೆ ಕತ್ಬರ್ಟ್, ಕೈಯ ಗ್ರೀಸು ತಿಕ್ಕಿ ತೊಳೆಯುತ್ತ.
ಅವಳು ಒಲೆಯ ಮೇಲಿನ ಸೊಪ್ಪು ತಿರುವುತ್ತಾಳೆ.
ಉಪ್ಪು ನೋಡುತ್ತಾಳೆ.
ಉತ್ತರ ಬರುವುದು ಊಟವಾದ ಮೇಲೆ:
‘ನೀನೆಷ್ಟು ಹೊತ್ತು ಕಾಯುತ್ತೀ ಅನ್ನುವುದರ ಮೇಲೆ.’

ಅಷ್ಟರಲ್ಲಿ ಮೇಜಿನ ಮೇಲಿನ ಕಿತ್ತಳೆ ತಾನೇ ಹೊರಟು
ಅವನ ತಟ್ಟೆಗೆ ಬಡಿದು ನಿಂತಿತು.
ಈಸ್ಟರಿನಲ್ಲಿ ಅದು ಇವಳ ಕಡೆಗೆ ಉರುಳುತ್ತಿತ್ತು.

‘ನಾಳೆ ನಮ್ಮ ಮನೆಗೇ ಜಾಕು.’
‘ಇನ್ನೊಂದು ವಾರ ತಡಿ’ ಎಂದಳು, ಪೆನ್ಸಿಲು ಹುಡುಕುತ್ತ.
‘ಹಣ್ಣನ್ನು ಮತ್ತೆ ಅಲ್ಲೇ ಇಡು.’